ಐದು ಸ್ವರಗಳ ಪ್ರಶ್ನೆ



ಮುಂದೆ ಓದುವ ಮೊದಲು ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯಲ್ಲಾಗಲಿ, ಊರಿನ ಭಜನಾ ಮಂದಿರದಲ್ಲಾಗಲಿ ಒಂದು ಹಾರ್ಮೋನಿಯಂ ಇದ್ದರೆ ಅದರ ಮುಂದೆ ಕುಳಿತುಕೊಳ್ಳಿ. ಬಿಳಿ ಒಂದನ್ನು ‘ಸ’ ಎಂದು ಇಟ್ಟುಕೊಳ್ಳಿ. ಈಗ ಈ ಐದು ಸ್ವರಗಳನ್ನು ನಿಧಾನವಾಗಿ ನುಡಿಸಿ: ರೇ, ಗ, ಸ, ಆಮೇಲೆ ಮಂದ್ರದ ಸ, ಕೊನೆಗೆ ಮಂದ್ರದ ಪ. ಐದೂ ಬಿಳಿ ಪಟ್ಟಿಗಳ ಮೇಲೆಯೇ ಬರುತ್ತವೆ. ನುಡಿಸಿದ ಮೇಲೆ ಕೈ ತೆಗೆದು ಒಂದು ಕ್ಷಣ ಸುಮ್ಮನಿರಿ. ಏನನ್ನಿಸಿತು? ಮಾತು ಮುಗಿಯಿತು ಎನ್ನಿಸಿತೇ, ಅಥವಾ ಇನ್ನೂ ಏನೋ ಬಾಕಿ ಇದೆ ಎನ್ನಿಸಿತೇ? ನಿಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅದು ಕೊನೆಯಲ್ಲಿ ಬೇಕಾಗುತ್ತದೆ.

ಈ ಐದು ಸ್ವರಗಳು 1977ರ ನವೆಂಬರಿನಲ್ಲಿ ತೆರೆಕಂಡ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್’ ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರದ್ದು. ನಿರ್ದೇಶಕರು ಸ್ಟೀವನ್ ಸ್ಪೀಲ್‌ಬರ್ಗ್, ಸಂಗೀತ ಜಾನ್ ವಿಲಿಯಮ್ಸ್ ಅವರದು. ಬೇರೆ ಲೋಕದ ಜೀವಿಗಳು ಭೂಮಿಗೆ ಬರುತ್ತವೆ. ಅವುಗಳ ಭಾಷೆ ನಮಗೆ ಬಾರದು, ನಮ್ಮದು ಅವುಗಳಿಗೆ ತಿಳಿಯದು. ಆಗ ಮಾತಿನ ಬದಲು ಈ ಐದು ಸ್ವರಗಳೇ ಎರಡು ಲೋಕಗಳ ನಡುವೆ ಓಡಾಡುತ್ತವೆ.

ಚಿತ್ರದಲ್ಲಿ ಭಾರತದ ಒಂದು ದೃಶ್ಯವೂ ಇದೆ. ದೊಡ್ಡ ಜನಸ್ತೋಮ ಒಂದೇ ಕಂಠದಲ್ಲಿ ಈ ಐದು ಸ್ವರಗಳನ್ನು ಹಾಡುತ್ತಿರುತ್ತದೆ. ‘ಈ ನಾದ ಎಲ್ಲಿಂದ ಬಂತು’ ಎಂದು ಫ್ರೆಂಚ್ ವಿಜ್ಞಾನಿ ಕೇಳಿಸಿದಾಗ ಎಲ್ಲರೂ ಒಟ್ಟಿಗೆ ಆಕಾಶದತ್ತ ಬೆರಳು ತೋರಿಸುತ್ತಾರೆ. ಕಥೆಯಲ್ಲಿ ಅದು ಉತ್ತರ ಭಾರತದ ಧರ್ಮಶಾಲಾ. ಆದರೆ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದಲ್ಲಿ, ಮುಂಬೈ–ಪುಣೆ ನಡುವಿನ ಖಾಲಾಪುರದ ಹತ್ತಿರದ ಹಾಳ ಎಂಬ ಹಳ್ಳಿಯಲ್ಲಿ. ನಿಪ್ಪಾಣಿಯಿಂದ ಪುಣೆ ದಾಟಿ ಮುಂಬೈಗೆ ಹೋಗುವವರು ಆ ಸೀಮೆಯನ್ನು ಹಾದೇ ಹೋಗುತ್ತಾರೆ.

ಆ ಐದು ಸ್ವರಗಳ ಆಯ್ಕೆ ಸುಲಭವಾಗಿರಲಿಲ್ಲ. ಅದು ಪೂರ್ತಿ ಹಾಡಾಗಬಾರದು, ಒಂದು ನಮಸ್ಕಾರದಷ್ಟು ಚಿಕ್ಕದಾಗಿರಬೇಕು ಎಂಬುದು ನಿರ್ದೇಶಕರ ಬೇಡಿಕೆ. ವಿಲಿಯಮ್ಸ್ ನೂರಾರು ಮಾದರಿಗಳನ್ನು ಬರೆದರು. ನೀವೇ ಲೆಕ್ಕ ಹಾಕಿ: ಒಂದು ಸಪ್ತಕದ ಹನ್ನೆರಡು ಸ್ವರಸ್ಥಾನಗಳಿಂದ ಐದರ ಸಾಲು ಮಾಡಿದರೆ, ಅದೇ ಸ್ವರ ಮತ್ತೆ ಬರಬಹುದೆಂದು ಇಟ್ಟುಕೊಂಡರೆ, 12ರ ಐದನೆಯ ಘಾತ, ಅಂದರೆ 2,48,832 ಸಾಲುಗಳಾಗುತ್ತವೆ. ಅಷ್ಟರಲ್ಲಿ ಇದೇ ಏಕೆ? ಇದರೊಳಗೆ ಏನಾದರೂ ಗುಟ್ಟು ಅಡಗಿದೆಯೇ? ಈ ಪ್ರಶ್ನೆ ನನ್ನನ್ನು ಕಾಲೇಜಿನ ದಿನಗಳಿಂದಲೂ ಕಾಡಿದೆ. ಅದಕ್ಕೆ ನಾನು ಒಮ್ಮೆ ತಪ್ಪು ಉತ್ತರವನ್ನೂ ಕೊಟ್ಟಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ವಾಹಿನಿಗೆ ಸೇರಿದ ಹೊಸತು. ವಿಜ್ಞಾನ ಮತ್ತು ಸಿನಿಮಾ ಕುರಿತ ಒಂದು ಕಿರುಕಾರ್ಯಕ್ರಮಕ್ಕೆ ನಾನೇ ಬರಹ ಸಿದ್ಧಪಡಿಸಿದ್ದೆ. ಅದರಲ್ಲಿ, ‘ಹಾಲಿವುಡ್ಡಿನ ಈ ಧಾಟಿ ನಮ್ಮ ಭೂಪ ರಾಗವೇ, ಅದನ್ನು ನಮ್ಮಿಂದಲೇ ತೆಗೆದುಕೊಂಡಿದ್ದಾರೆ’ ಎಂದು ಬಹಳ ಅಭಿಮಾನದಿಂದ ಹೇಳಿಸಿದೆ. ಬಿ.ಎಸ್ಸಿ. ಓದಿದವನು ನಾನು. ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಮೂರು ಸಲ ತೆಗೆದುಕೊಂಡು ಸರಾಸರಿ ಬರೆದವನು. ಆದರೆ ಈ ಮಾತನ್ನು ಮಾತ್ರ ಒಂದು ಸಲವೂ ಪರೀಕ್ಷಿಸಿರಲಿಲ್ಲ.

ಹತ್ತು ದಿನಗಳಲ್ಲಿ ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ ಕಾರ್ಡು ಬಂತು. ಬರೆದವರು ಹಾರ್ಮೋನಿಯಂ ನುಡಿಸುವ ಒಬ್ಬ ಹಿರಿಯರು. ‘ನಾಲ್ಕು ಸ್ವರ ನೋಡಿ ರಾಗ ಹೇಳುವುದು, ನಾಲ್ಕು ಅಕ್ಷರ ನೋಡಿ ಪುಸ್ತಕದ ಹೆಸರು ಹೇಳಿದ ಹಾಗೆ’ ಎಂದು ಒಂದೇ ಸಾಲು. ನನಗೆ ನಾಚಿಕೆಯಾಯಿತು. ಕಾರ್ಡಿನ ಮೇಲೆ ವಿಳಾಸವಿತ್ತು. ಊರಿಗೆ ಹೋದಾಗ, ಮಿರಜದ ಗಾಡಿಯಲ್ಲಿ ಬರುತ್ತ ರಾಯಬಾಗದಲ್ಲಿ ಇಳಿದು ಅವರನ್ನು ಕಾಣಲು ಹೋದೆ.

ಅಜ್ಜ ನನ್ನನ್ನು ಕೂರಿಸಿ, ಚಹಾ ಕೊಡಿಸಿ, ಆಮೇಲೆ ಕೇಳಿದರು: “ಸಾಹೇಬ್ರ, ನಿಮ್ಮ ಧಾಟ್ಯಾಗ ಎಷ್ಟ ಸ್ವರ ಅದಾವ್ರಿ?”

“ಐದರಿ, ಅಜ್ಜಾರ.”

“ಎಣಸಿ ಹೇಳ್ರಿ.”

ಎಣಿಸಿದೆ. ರೇ, ಗ, ಸ, ಮತ್ತೆ ಸ, ಪ. ಸ ಎರಡು ಸಲ ಬಂದಿದೆ. ಬೇರೆ ಬೇರೆ ಸ್ವರಗಳು ನಾಲ್ಕೇ: ಸ, ರೇ, ಗ, ಪ.

“ಇದರ ಮುಂದ ಧ ಹಚ್ಚಿದ್ರ ಭೂಪ ಆಗಬಹುದು. ಧ ಬಿಟ್ಟು ನಿ ಹಚ್ಚಿದ್ರ ಹಂಸಧ್ವನಿ ಆಗಬಹುದು. ಮಧ್ಯಮ ಬಂದ್ರ ಮತ್ತ ಬ್ಯಾರೇನ ಆತು. ಅವ ಹಚ್ಚಿಲ್ಲ, ನೀವ ಯಾಕ ಹಚ್ಚತೀರಿ?” ಎಂದರು.

ಮಿತ್ರರೇ, ಕಲಾಕೃತಿಯೊಳಗಿನ ಅಡಗಿದ ಅರ್ಥವನ್ನು ಹುಡುಕುವವರೆಲ್ಲ ಈ ಮಾತನ್ನು ನೆನಪಿಡಬೇಕು. ಕೃತಿಯಲ್ಲಿ ಇಲ್ಲದ ಸ್ವರವನ್ನು ನಾವೇ ಹಚ್ಚಿ, ಆಮೇಲೆ ‘ಗುಟ್ಟು ಸಿಕ್ಕಿತು’ ಎನ್ನಬಾರದು. ವಿಜ್ಞಾನದಲ್ಲಿಯೂ ಹಾಗೆಯೇ. ನಾಲ್ಕು ಬಿಂದುಗಳ ಮೂಲಕ ಎಷ್ಟೋ ವಕ್ರರೇಖೆಗಳನ್ನು ಎಳೆಯಬಹುದು. ಅದರಲ್ಲಿ ನನಗೆ ಪ್ರಿಯವಾದದ್ದೇ ನಿಜವೆನ್ನಲು ಇನ್ನೊಂದು ಬಿಂದುವಾದರೂ ಬೇಕು.

“ಹಂಗಾದ್ರ ಇದರಾಗ ಅರ್ಥ ಏನೂ ಇಲ್ಲೇನ್ರಿ?” ಎಂದು ಕೇಳಿದೆ.

“ಐತಿ. ಕೇಳ್ರಿ ಇಲ್ಲಿ,” ಎಂದು ಅವರು ಪಿಯುಸಿ ಓದುತ್ತಿದ್ದ ಮೊಮ್ಮಗಳನ್ನು ಕರೆದರು. ಹಾರ್ಮೋನಿಯಂ ಮೇಲೆ ಸ ಒಂದನ್ನೇ ಒತ್ತಿ ಹಿಡಿದರು. ಹುಡುಗಿ ಆ ಐದು ಸ್ವರಗಳನ್ನು ಒಂದು ಸ್ಥಾಯಿ ಮೇಲೇರಿಸಿಕೊಂಡು ಹಾಡಿದಳು. ಮೊದಲ ಮೂರು ಸ್ವರಗಳು ಸ ದ ಮೇಲೆ ಬಂದು ನಿಂತವು. ಆಮೇಲಿನ ಎರಡು ಕೆಳಗಿಳಿದು ಪಂಚಮದ ಮೇಲೆ ತೂಗಿಕೊಂಡವು.

“ಮದಲಿನ ಮೂರ ‘ಬರ್ರಿ, ಕುಂಡ್ರ್ರಿ’ ಅಂದಂಗ. ಕಡೀವ ಎರಡ ‘ಊಟಾ ಆತೇನ್ರಿ?’ ಅಂದಂಗ. ಜವಾಬ ಬರೂತನಾ ಅದು ಹಂಗs ನಿಂದರತೈತಿ.”

ಇಡೀ ಚಿತ್ರದ ಕಥೆಯನ್ನು ಅಜ್ಜ ಎರಡು ಮಾತಿನಲ್ಲಿ ಹೇಳಿದ್ದರು. ಅವರು ಆ ಚಿತ್ರವನ್ನು ನೋಡಿಯೂ ಇರಲಿಲ್ಲ. ನಮ್ಮ ಸಂಗೀತದಲ್ಲಿ ಪಂಚಮ ಗಟ್ಟಿಯಾದ ಸ್ವರ, ಆದರೆ ಮನೆಯಲ್ಲ. ಮನೆ ಷಡ್ಜ. ಪಾಶ್ಚಾತ್ಯ ಸಂಗೀತದಲ್ಲಿಯೂ ಐದನೆಯ ಸ್ವರದ ಮೇಲೆ ನಿಂತ ಧಾಟಿ ಮೂಲಸ್ವರಕ್ಕೆ ಹಿಂದಿರುಗಬೇಕೆಂದು ಕಿವಿ ಕಾಯುತ್ತದೆ. ಆದ್ದರಿಂದ ಈ ಐದು ಸ್ವರಗಳು ನಮಸ್ಕಾರವೂ ಹೌದು, ಪ್ರಶ್ನೆಯೂ ಹೌದು.

ಆದರೆ ಅಜ್ಜ ಅಲ್ಲಿಗೆ ಬಿಡಲಿಲ್ಲ. “ಈಗ ಮತ್ತ ಕೇಳ್ರಿ,” ಎಂದು ಹಾರ್ಮೋನಿಯಂ ಮೇಲಿನ ಬೆರಳನ್ನು ಸರಿಸಿದರು. ಹುಡುಗಿ ಕೊನೆಗೆ ಹಾಡಿದ್ದ ಸ್ವರ ಯಾವುದೋ, ಈ ಸಲ ಅದನ್ನೇ ಷಡ್ಜವೆಂದು ಒತ್ತಿ ಹಿಡಿದರು. ಹುಡುಗಿ ಮೊದಲಿನ ಅದೇ ಎತ್ತರದಲ್ಲಿ, ಅದೇ ಐದು ಸ್ವರಗಳನ್ನು, ಕೂದಲೆಳೆಯಷ್ಟೂ ಬದಲಿಸದೆ ಹಾಡಿದಳು. ನನಗೆ ಬೆರಗಾಯಿತು. ಧಾಟಿ ಮುಗಿದುಹೋಗಿತ್ತು! ಪ್ರಶ್ನೆ ಉತ್ತರವಾಗಿತ್ತು. ಏಕೆಂದರೆ ಈಗ ಅದೇ ಧಾಟಿ ಪ, ಧ, ಮ, ಕೆಳಗಿನ ಮ, ಸ ಎಂದಾಗಿತ್ತು. ಕೊನೆಯ ಸ್ವರ ಮನೆ ಮುಟ್ಟಿತ್ತು.

“ಸ್ವರ ಬ್ಯಾರೆ ಆಗಲಿಲ್ಲ. ಸಾ ಬ್ಯಾರೆ ಆತು,” ಎಂದರು ಅಜ್ಜ.

ಈಗ ಇದನ್ನು ಅಂಕಿಗಳಲ್ಲಿ ನೋಡೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕಕ್ಕೆ ಅನುಕೂಲವಾಗಲೆಂದು ಷಡ್ಜದ ಆವೃತ್ತಿ ಸೆಕೆಂಡಿಗೆ 240 ಎಂದಿಟ್ಟುಕೊಳ್ಳಿ. ಶುದ್ಧ ರಿಷಭ ಅದರ 9/8 ಪಟ್ಟು, ಅಂದರೆ 270. ಶುದ್ಧ ಗಾಂಧಾರ 5/4 ಪಟ್ಟು, 300. ಮಂದ್ರ ಷಡ್ಜ ಅರ್ಧ, 120. ಮಂದ್ರ ಪಂಚಮ ಅದರ ಒಂದೂವರೆ ಪಟ್ಟು, 180. ಹಾಗಾದರೆ ನಮ್ಮ ಐದು ಸ್ವರಗಳು 270, 300, 240, 120, 180. ಎಲ್ಲವನ್ನೂ 30ರಿಂದ ಭಾಗಿಸಿ: 9, 10, 8, 4, 6.

ಎಷ್ಟು ಚಿಕ್ಕ, ಎಷ್ಟು ಚೊಕ್ಕ ಸಂಖ್ಯೆಗಳು! ಒಂದು ತಂತಿಯನ್ನು ಮೀಟಿದಾಗ ಅದರ ಮೂಲ ಆವೃತ್ತಿಯ ಜೊತೆಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಹೀಗೆ ಇತರ ಆವೃತ್ತಿಗಳೂ ಸಣ್ಣಗೆ ಕೇಳಿಸುತ್ತವೆ ಎಂದು ನೀವು ಭೌತಶಾಸ್ತ್ರದಲ್ಲಿ ಓದುತ್ತೀರಿ. ಸೆಕೆಂಡಿಗೆ 30 ಸಲ ಕಂಪಿಸುವ ಒಂದೇ ತಂತಿಯಲ್ಲಿ ಈ ಐದೂ ಸ್ವರಗಳು 4, 6, 8, 9 ಮತ್ತು 10ನೆಯ ಪಟ್ಟುಗಳಾಗಿ ಅಡಗಿವೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿಯೇ ಕೇಳುವುದು ಇದರಿಂದಲೇ.

ಇನ್ನು ಅಜ್ಜ ಮಾಡಿದಂತೆ 180ನ್ನು ಷಡ್ಜವೆಂದು ಹಿಡಿಯಿರಿ. 270 ಅದರ 3/2, ಪಂಚಮ. 300 ಅದರ 5/3, ಧೈವತ. 240 ಅದರ 4/3, ಮಧ್ಯಮ. 120 ಕೆಳಗಿನ ಮಧ್ಯಮ. ಲೆಕ್ಕ ಎಲ್ಲಿಯೂ ತಪ್ಪಲಿಲ್ಲ. ಅದೇ ಆವೃತ್ತಿಗಳು ಎರಡು ಅರ್ಥಗಳನ್ನು ಕೊಡಬಲ್ಲವು.

ಹಾಗಾದರೆ ಚಿತ್ರದ ಮಟ್ಟಿಗೆ ಯಾವ ಅರ್ಥ ಸರಿ? ಇದಕ್ಕೆ ಚಿತ್ರದೊಳಗೆಯೇ ಸಾಕ್ಷ್ಯವಿದೆ. ಫ್ರೆಂಚ್ ವಿಜ್ಞಾನಿಯ ಪಾತ್ರದಲ್ಲಿ ಪ್ರಸಿದ್ಧ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಈ ಸ್ವರಗಳನ್ನು ಕೈಮುದ್ರೆಗಳಲ್ಲಿ ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಮಕ್ಕಳಿಗೆ ಸ್ವರ ಕಲಿಸಲು ರೂಪಿಸಿದ ಮುದ್ರೆಗಳವು. ಹಂಗೇರಿಯ ಸಂಗೀತಗಾರ ಜೋಲ್ಟಾನ್ ಕೊಡಾಯ್ ಅವರ ಹೆಸರಿನಿಂದ ಜಗತ್ತಿನಲ್ಲೆಲ್ಲ ಬಳಕೆಗೆ ಬಂದವು. ಈ ಪದ್ಧತಿಯಲ್ಲಿ, ನಮ್ಮಲ್ಲಿರುವಂತೆಯೇ, ಸ ಎಲ್ಲಿ ಎಂಬುದು ಮೊದಲು ನಿಶ್ಚಯವಾಗಬೇಕು. ತ್ರುಫೋ ತೋರಿಸುವ ಮುದ್ರೆಗಳು ರೇ, ಗ, ಸ, ಸ, ಪ. ಅಂದರೆ ಚಿತ್ರವೇ ತನ್ನ ಷಡ್ಜ ಯಾವುದೆಂದು ಹೇಳಿದೆ. ಕೊನೆಯ ಸ್ವರ ಪಂಚಮವೇ, ಅದು ಪ್ರಶ್ನೆಯೇ. ನಾನು ಹೇಳಿದ ಭೂಪ ರಾಗಕ್ಕೆ ಸಾಕ್ಷ್ಯವಿರಲಿಲ್ಲ. ಅಜ್ಜ ಹೇಳಿದ ಪ್ರಶ್ನೆಗೆ ಸಾಕ್ಷ್ಯವಿದೆ.

ಈ ದೃಷ್ಟಿಯಿಂದ ಇಡೀ ಚಿತ್ರದ ಸಂಗೀತವನ್ನು ಕೇಳಿದರೆ ಮತ್ತಷ್ಟು ತಿಳಿಯುತ್ತದೆ. ಮೊದಲ ಭಾಗದಲ್ಲಿ ವಿಲಿಯಮ್ಸ್ ನೆಲೆಯಾದ ಷಡ್ಜವೇ ಇಲ್ಲದಂತಹ, ಒಂದಕ್ಕೊಂದು ಉಜ್ಜುವ ಸ್ವರಗುಂಪುಗಳನ್ನು ಬಳಸಿದ್ದಾರೆ. ಬಂದವರು ಯಾರೆಂದು ತಿಳಿಯದಾಗಿನ ಭಯ ಅದು. ಕಥೆ ಮುಂದುವರಿದಂತೆ ಸ್ವರಗಳು ಹೊಂದಿಕೊಳ್ಳುತ್ತ ಹೋಗುತ್ತವೆ. ಕೊನೆಯಲ್ಲಿ ಆಕಾಶನೌಕೆ ಇಳಿದಾಗ ಮಾನವರು ಸಿಂಥಸೈಜರ್‌ನಲ್ಲಿ ಪ್ರಶ್ನೆ ನುಡಿಸುತ್ತಾರೆ. ನೌಕೆಯಿಂದ ಗಾಜು ಒಡೆಯುವಷ್ಟು ಭಾರವಾದ ಮಂದ್ರಸ್ವರ ಉತ್ತರವಾಗಿ ಬರುತ್ತದೆ. ಸಂಗೀತದಲ್ಲಿ ಮಾನವರ ದನಿಗೆ ಓಬೋ ಎಂಬ ಸಣ್ಣ ದನಿಯ ಊದುವಾದ್ಯ, ನೌಕೆಯ ದನಿಗೆ ಟ್ಯೂಬಾ ಎಂಬ ಹಿರಿದಾದ ಹಿತ್ತಾಳೆಯ ಕಹಳೆ. ಸವಾಲು, ಜವಾಬು, ಮತ್ತೆ ಸವಾಲು. ನಮ್ಮ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಹಾಡುವುದನ್ನು ಕೇಳಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಮಾತ್ರ ನಿಜವಾಗಿಯೂ ಬೇಕೆಂದೇ ಅಡಗಿಸಿಟ್ಟದ್ದು. ಚಿತ್ರದ ನಾಯಕ ಮೊದಲಲ್ಲಿ ತನ್ನ ಮಕ್ಕಳಿಗೆ ‘ಪಿನೋಕಿಯೋ’ ಚಿತ್ರ ತೋರಿಸಬೇಕೆಂದು ಹಂಬಲಿಸುತ್ತಾನೆ. 1940ರ ಆ ಚಿತ್ರದ, ನಕ್ಷತ್ರವನ್ನು ನೋಡಿ ಹರಕೆ ಹೊರುವ ಪ್ರಸಿದ್ಧ ಹಾಡಿನ ಧಾಟಿಯನ್ನು ವಿಲಿಯಮ್ಸ್ ತಮ್ಮ ಸಂಗೀತದಲ್ಲಿ ಹೆಣೆದಿದ್ದಾರೆ. ಮಗುವಿನಂತೆ ಆಕಾಶ ನೋಡುವವನಿಗೆ ಆಕಾಶ ಉತ್ತರಿಸುತ್ತದೆ ಎಂಬ ಸೂಚನೆ ಅದು. ಆ ಹಾಡನ್ನು ಬಲ್ಲವರಿಗೆ ಇದು ಹೊಳೆಯುತ್ತದೆ, ಬಾರದವರಿಗೆ ಹೊಳೆಯುವುದಿಲ್ಲ. ಪಂಚಮದ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಇದು ನೆನಪಿನ ಮೇಲೆ ನಿಂತ ಅರ್ಥ, ಅದು ಸ್ವರಗಳ ಸಂಬಂಧದ ಮೇಲೆ ನಿಂತ ಅರ್ಥ.

ಈಗ ನಿಮ್ಮಲ್ಲಿ ಕೆಲವರು ಆಕ್ಷೇಪ ಎತ್ತಬಹುದು. ‘ಸರ್, ಶಬ್ದಕ್ಕೆ ಮಾಧ್ಯಮ ಬೇಕು. ನಿರ್ವಾತದಲ್ಲಿ ಸಂಗೀತ ಹೇಗೆ ಸಾಗುತ್ತದೆ? ಆ ಜೀವಿಗಳಿಗೆ ಕಿವಿ ಇರುತ್ತದೆಂದು ಯಾರು ಹೇಳಿದರು?’ ಆಕ್ಷೇಪ ಸರಿಯಾದದ್ದೇ. 9:10:8:4:6 ಎಂಬ ಅನುಪಾತ ಎಲ್ಲ ಲೋಕಗಳಲ್ಲಿಯೂ ಅದೇ. ಆದರೆ ಅದನ್ನು ‘ಊಟ ಆತೇನ್ರಿ’ ಎಂದು ಕೇಳಿಸಿಕೊಳ್ಳಲು ಒಂದು ಷಡ್ಜವನ್ನು ಮನೆಯೆಂದು ಬಲ್ಲ ಕಿವಿ ಬೇಕು. ‘ಸಂಗೀತ ವಿಶ್ವಭಾಷೆ’ ಎಂಬ ಮಾತನ್ನು ಪ್ರಬಂಧದಲ್ಲಿ ಬರೆಯುವ ಮೊದಲು ಈ ಎರಡನ್ನೂ ಬೇರೆ ಮಾಡಿ ನೋಡಿ.

ಇಂತಹ ಅಳತೆಯ ಕೆಲಸ ನಿಮ್ಮ ಸೀಮೆಯ ಪಕ್ಕದಲ್ಲಿಯೇ ನಡೆದಿದೆ. ಕಾಗವಾಡದವರಿಗೆ ಮಿರಜ ಬಲು ಹತ್ತಿರ. ಅಲ್ಲಿಯ ತಂಬೂರಿಗಳು ದೇಶದಲ್ಲೆಲ್ಲ ಹೆಸರಾದವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಅಲ್ಲಿಯೇ ನೆಲೆಸಿದ್ದರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಖಾನರ ಗಾಯನದ ನೆರವಿನಿಂದ ಸ್ವರಗಳ ಆವೃತ್ತಿಗಳನ್ನು ಲೆಕ್ಕ ಹಾಕಿ, 22 ಶ್ರುತಿಗಳ ಕುರಿತು 1910ರಲ್ಲಿ ಪುಸ್ತಕ ಪ್ರಕಟಿಸಿದರು. ಅವರ ಚಿಂತೆಗೆ ಕಾರಣವಿತ್ತು. ಸಾಮಾನ್ಯ ಹಾರ್ಮೋನಿಯಂನಲ್ಲಿ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ. ಅದರಲ್ಲಿ 240ರ ಷಡ್ಜಕ್ಕೆ ಗಾಂಧಾರ 300 ಆಗದೆ ಸುಮಾರು 302.4 ಆಗುತ್ತದೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ದನಿ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚಾಗಿ ಏರಿಳಿಯುವುದು ಕೇಳುತ್ತದೆ. ಇವೇ ನಿಮ್ಮ ಪಠ್ಯದ ವಿಸ್ಪಂದಗಳು. ಮೊಬೈಲಿನಲ್ಲಿ ಆವೃತ್ತಿ ಹೊರಡಿಸುವ ತಂತ್ರಾಂಶಗಳು ಸಿಗುತ್ತವೆ. ಎರಡು ಮೊಬೈಲುಗಳನ್ನಿಟ್ಟು ಈ ಪ್ರಯೋಗವನ್ನು ಖಂಡಿತ ಮಾಡಿ.

ಚಿತ್ರ ಕಲ್ಪನೆ. ಆದರೆ ಅದೇ 1977ರಲ್ಲಿ ನಿಜವಾಗಿಯೂ ಸಂಗೀತ ಆಕಾಶಕ್ಕೆ ಹೋಯಿತು. ಆಗಸ್ಟ್ 20ರಂದು ವಾಯೇಜರ್-2, ಸೆಪ್ಟೆಂಬರ್ 5ರಂದು ವಾಯೇಜರ್-1 ನೌಕೆಗಳು ಹಾರಿದವು. ಎರಡರಲ್ಲಿಯೂ ಚಿನ್ನದ ಲೇಪದ ಒಂದೊಂದು ಧ್ವನಿಮುದ್ರಿಕೆ ಇದೆ. ಅದರಲ್ಲಿ ಸುಮಾರು ಮೂರೂವರೆ ನಿಮಿಷ ಕೇಸರಬಾಯಿ ಕೇರಕರ ಹಾಡಿದ ಭೈರವಿ ಇದೆ. ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಬಾಲ್ಯದಲ್ಲಿ ಕೊಲ್ಲಾಪುರದಲ್ಲಿ ಕೆಲಕಾಲ ಅಬ್ದುಲ್ ಕರೀಂ ಖಾನರಿಂದಲೇ ಪಾಠ ಹೇಳಿಸಿಕೊಂಡವರು. ನಿಪ್ಪಾಣಿಯಿಂದ ಒಂದು ತಾಸಿನ ದಾರಿಯ ಊರಿನಲ್ಲಿ ಮೊದಲ ಸ್ವರ ತಿದ್ದಿದ ಆ ಕಂಠ 2012ರಲ್ಲಿ ಸೂರ್ಯನ ಪ್ರಭಾವಲಯವನ್ನು ದಾಟಿ ನಕ್ಷತ್ರಗಳ ನಡುವಿನ ಅವಕಾಶವನ್ನು ಸೇರಿತು.

ಅದೇ ಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡವೂ ಇದೆ, ಮರಾಠಿಯೂ ಇದೆ. ಭೂಮಿಯ ಪರವಾಗಿ ಮಾತನಾಡುವಾಗ ಎರಡೂ ಒಂದೇ ತಟ್ಟೆಯಲ್ಲಿ ಸುತ್ತುತ್ತಿವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗ ಹುಡುಗಿಯರಾದ ನಿಮಗೆ ಇದನ್ನು ಒತ್ತಿ ಹೇಳಲು ಕಾರಣವಿದೆ.

ಅಜ್ಜನ ಊರಿನಲ್ಲಿ ಎರಡು ಭಜನಾ ಮೇಳಗಳಿದ್ದವು. ಒಂದು ಕನ್ನಡ ತತ್ವಪದಗಳದ್ದು, ಇನ್ನೊಂದು ಮರಾಠಿ ಅಭಂಗಗಳದ್ದು. ಎರಡಕ್ಕೂ ಹಾರ್ಮೋನಿಯಂ ಅಜ್ಜನದೇ. ಒಂದು ವರ್ಷ ಜಾತ್ರೆಯ ಫಲಕ ಯಾವ ಭಾಷೆಯಲ್ಲಿರಬೇಕು ಎಂಬ ಮಾತು ಬೆಳೆದು, ಎರಡು ಮೇಳಗಳೂ ಒಂದೇ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟವು. ನಾನು ಹೋದಾಗಲೂ ಬೇರೆಯಾಗಿಯೇ ಕೂರುತ್ತಿದ್ದವು. ಅಜ್ಜ ಮಾತ್ರ ಪೆಟ್ಟಿಗೆ ಹೊತ್ತು ಎರಡೂ ಕಡೆ ಹೋಗುತ್ತಿದ್ದರು. “ಇಬ್ಬರೂ ಏನೂ ಅನ್ನೂದಿಲ್ಲೇನ್ರಿ?” ಎಂದು ಕೇಳಿದೆ.

“ಅಂತಾರ. ಅನ್ನಲಿ. ಇಬ್ರೂ ಕರಿ ಎರಡರ ಮ್ಯಾಲೇ ಹಾಡ್ತಾರ, ತಮ್ಮಾ. ನಾ ಬೆರಳ ಎತ್ತಿ ಬ್ಯಾರೆ ಕಡೆ ಇಡೂದ ಇಲ್ಲ,” ಎಂದರು. ಅಷ್ಟು ಹೊತ್ತು ‘ಸಾಹೇಬ್ರ’ ಎಂದವರು ಆಗ ಮೊದಲ ಸಲ ‘ತಮ್ಮಾ’ ಎಂದಿದ್ದರು.

ಅಜ್ಜ ಈಗಿಲ್ಲ. ಅವರ ಮಾತನ್ನು ನಾನು ನನ್ನ ಕೆಲಸದಲ್ಲಿ ಹೀಗೆ ಬಳಸುತ್ತೇನೆ. ಯಾರದಾದರೂ ಮಾತು ಅಪಸ್ವರವೆನ್ನಿಸಿದರೆ, ಅವರು ಯಾವ ಷಡ್ಜವನ್ನು ಹಿಡಿದು ಆಡುತ್ತಿದ್ದಾರೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಎಷ್ಟೋ ಸಲ ಸ್ವರ ತಪ್ಪಿರುವುದಿಲ್ಲ, ನಾನು ಕೇಳುವ ಸ ಬೇರೆಯಾಗಿರುತ್ತದೆ. ಕೆಲವು ಸಲ ಸ್ವರವೇ ತಪ್ಪಿರುತ್ತದೆ, ನನ್ನ ಭೂಪ ರಾಗದ ಹಾಗೆ. ಯಾವುದು ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು.

ಈಗ ಮೊದಲಲ್ಲಿ ಬರೆದಿಟ್ಟ ಚೀಟಿಯನ್ನು ತೆರೆಯಿರಿ. ‘ಮುಗಿಯಲಿಲ್ಲ’ ಎಂದು ಬರೆದಿದ್ದರೆ ನೀವು ಚಿತ್ರದ ಷಡ್ಜವನ್ನು ಹಿಡಿದಿದ್ದೀರಿ. ‘ಮುಗಿಯಿತು’ ಎಂದು ಬರೆದಿದ್ದರೂ ನಾಚಬೇಕಿಲ್ಲ, ನಿಮ್ಮ ಕಿವಿ ಬೇರೆಡೆ ಮನೆ ಮಾಡಿತ್ತು. ಪಕ್ಕದ ಬೆಂಚಿನ ಗೆಳೆಯ ಏನು ಬರೆದಿದ್ದಾನೆ, ಗೆಳತಿ ಏನು ಬರೆದಿದ್ದಾಳೆ, ಕೇಳಿ ನೋಡಿ. ಬೇರೆ ಬರೆದಿದ್ದರೆ ಜಗಳವಾಡಬೇಡಿ. ಹಾರ್ಮೋನಿಯಂ ಮುಂದೆ ಕುಳಿತು, ಒಬ್ಬರು ಸ ಹಿಡಿಯಿರಿ, ಇನ್ನೊಬ್ಬರು ಹಾಡಿರಿ. ಆಮೇಲೆ ಸ ವನ್ನು ಬದಲಿಸಿ, ಮತ್ತೆ ಹಾಡಿರಿ.